ನರಕೋಶವನ್ನು ಕೊಂದದ್ದು ಯಾರು? ಪಾರ್ಕಿನ್ಸನ್ ಕಾಯಿಲೆಯ ಅಣುಮಟ್ಟದ ತನಿಖೆ

(ಮುಂಬೈಯ ಮಾಟುಂಗಾದಲ್ಲಿ ಕನ್ನಡ ಕೇಳುಗರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ. ಪರದೆಯ ಮೇಲಿನ ಚಿತ್ರಗಳನ್ನು ಬಿಟ್ಟು, ಕೊನೆಯಲ್ಲಿ ಸಭೆಯಿಂದ ಬಂದ ಎರಡು ಪ್ರಶ್ನೆಗಳನ್ನು ಸೇರಿಸಿದೆ.)

ಎಲ್ಲರಿಗೂ ನಮಸ್ಕಾರ. ಪಾರ್ಕಿನ್ಸನ್ ಕಾಯಿಲೆಯ ಚರಿತ್ರೆಯನ್ನು ಲಂಡನ್ನಿನಿಂದ, 1817ರಲ್ಲಿ ಜೇಮ್ಸ್ ಪಾರ್ಕಿನ್ಸನ್ ಬರೆದ ಪುಸ್ತಿಕೆಯಿಂದ ಶುರು ಮಾಡುವುದು ರೂಢಿ. ಮಾಟುಂಗಾದಲ್ಲಿ ಕೂತವರು ಅಷ್ಟು ದೂರ ಹೋಗಬೇಕಾಗಿಲ್ಲ, ಎರಡು ಸ್ಟೇಷನ್ ಆಚೆಯ ಪರೇಲ್ ಸಾಕು. ಅಲ್ಲಿನ ಕೆಇಎಂ ಆಸ್ಪತ್ರೆಯ ಹೃದ್ರೋಗ ವೈದ್ಯ ರುಸ್ತುಂ ಜಾಲ್ ವಕೀಲ್ 1949ರಲ್ಲಿ, ಸರ್ಪಗಂಧದ ಬೇರು ರಕ್ತದೊತ್ತಡವನ್ನು ಇಳಿಸುತ್ತದೆ ಎಂದು ಬ್ರಿಟಿಷ್ ಹಾರ್ಟ್ ಜರ್ನಲ್‌ನಲ್ಲಿ ಪ್ರಕಟಿಸಿದರು. 1952ರಲ್ಲಿ ಆ ಬೇರಿನ ಸಾರವಾದ ರಿಸರ್ಪಿನ್ ಬೇರೆಯಾಗಿ ಸಿಕ್ಕಿತು, ಲೋಕದಾದ್ಯಂತ ಬಳಕೆಗೂ ಬಂತು. ಅದನ್ನು ಹೆಚ್ಚು ತೆಗೆದುಕೊಂಡ ಕೆಲವರಲ್ಲಿ ಒಂದು ವಿಚಿತ್ರ ಕಂಡಿತು: ಮೈ ಬಿಗಿದು, ನಡಿಗೆ ನಿಧಾನವಾಗಿ, ಅವರು ಪಾರ್ಕಿನ್ಸನ್ ರೋಗಿಗಳಂತೆ ಕಾಣತೊಡಗಿದ್ದರು.

ಸ್ವೀಡನ್ನಿನ ಆರ್ವಿಡ್ ಕಾರ್ಲ್ಸನ್ 1957ರಲ್ಲಿ ಮೊಲಗಳಿಗೆ ರಿಸರ್ಪಿನ್ ಕೊಟ್ಟರು. ಮೊಲಗಳು ಕಿವಿ ಜೋತುಬಿಟ್ಟು ಅಲುಗಾಡದೆ ಬಿದ್ದವು. ಅನಂತರ, ನರಕೋಶಗಳ ನಡುವೆ ಸುದ್ದಿ ಒಯ್ಯುವ ಡೋಪಮಿನ್ ಎಂಬ ರಾಸಾಯನಿಕವಾಗಿ ಮಿದುಳಿನಲ್ಲಿ ಬದಲಾಗುವ ಲೆವೊಡೋಪಾ ಚುಚ್ಚಿದಾಗ ಸ್ವಲ್ಪ ಹೊತ್ತಿನಲ್ಲೇ ಎದ್ದು ಓಡಾಡಿದವು. ನರಕೋಶ ತಾನು ತಯಾರಿಸಿದ ಡೋಪಮಿನ್ ಅನ್ನು ಸಣ್ಣ ಚೀಲಗಳಲ್ಲಿ ತುಂಬಿಡುತ್ತದೆ. ತುಂಬುವ ಪಂಪನ್ನು ರಿಸರ್ಪಿನ್ ತಡೆಯುತ್ತದೆ. ಚೀಲ ಸೇರದ ಡೋಪಮಿನ್ ಕೋಶದೊಳಗೇ ಮುರಿದುಹೋಗುತ್ತದೆ. 1960ರಲ್ಲಿ ವಿಯೆನ್ನಾದ ಹಾರ್ನಿಕೀವಿಚ್ ಮತ್ತು ಸಂಗಡಿಗರು ತೀರಿಹೋದ ರೋಗಿಗಳ ಮಿದುಳಿನಲ್ಲೂ ಇದೇ ಕೊರತೆಯನ್ನು ಅಳೆದು ತೋರಿಸಿದರು. 1967ರಲ್ಲಿ ಅಮೆರಿಕದ ವೈದ್ಯ ಕೋಟ್ಸಿಯಾಸ್ ಲೆವೊಡೋಪಾವನ್ನು ದೊಡ್ಡ ಪ್ರಮಾಣದಲ್ಲಿ ಬಾಯಿಯ ಮೂಲಕ ಕೊಟ್ಟು ಅದನ್ನು ಚಿಕಿತ್ಸೆಯಾಗಿ ನಿಲ್ಲಿಸಿದರು. ಇಂದಿಗೂ ಅದೇ ಮುಖ್ಯ ಔಷಧ.

ಆದರೆ ಗಮನಿಸಿ, ಆ ಮೊಲಗಳ ಒಂದು ನರಕೋಶವೂ ಸತ್ತಿರಲಿಲ್ಲ. ಕಾರ್ಲ್ಸನ್ ಕಂಡುಹಿಡಿದದ್ದು ಲಕ್ಷಣದ ಕಾರಣವನ್ನು, ಕಾಯಿಲೆಯ ಕಾರಣವನ್ನಲ್ಲ. ರೋಗಿಯಲ್ಲಿ ಡೋಪಮಿನ್ ತಯಾರಿಸುವ ಕೋಶಗಳೇ ಸಾಯುತ್ತವೆ. ಅವು ಏಕೆ ಸಾಯುತ್ತವೆ ಎಂಬ ಪ್ರಶ್ನೆ ಅರವತ್ತು ವರ್ಷಗಳಿಂದ ಹಾಗೇ ನಿಂತಿದೆ. ಇವತ್ತಿನ ಮಾತು ಆ ಪ್ರಶ್ನೆಯದು. ಅದಕ್ಕಿಂತ ಹೆಚ್ಚಾಗಿ, ಅದಕ್ಕೆ ಉತ್ತರ ಎಂದು ಯಾವುದಾದರೂ ಅಣುವಿನ ಹೆಸರು ಹೇಳಿದಾಗ ನಂಬಬೇಕೆ ಬೇಡವೆ ಎಂದು ತೀರ್ಮಾನಿಸುವ ಬಗೆಯದು.

ಸಾಯುವ ಕೋಶ ಎಂಥದ್ದು

ಮಿದುಳಿನ ಕಾಂಡದ ಮೇಲ್ಭಾಗದಲ್ಲಿ, ಎಡಕ್ಕೊಂದು ಬಲಕ್ಕೊಂದು, ಬರಿಗಣ್ಣಿಗೇ ಕಪ್ಪಾಗಿ ಕಾಣುವ ಪಟ್ಟಿಗಳಿವೆ. ಇದೇ ಸಬ್‌ಸ್ಟಾನ್ಷಿಯಾ ನೈಗ್ರಾ. ಮಿದುಳಿನ ಒಟ್ಟು ಸುಮಾರು 8,600 ಕೋಟಿ ನರಕೋಶಗಳಲ್ಲಿ ಇಲ್ಲಿನ ಡೋಪಮಿನ್ ಕೋಶಗಳು ಕೆಲವೇ ಲಕ್ಷ. ಒಂದೊಂದು ಕೋಶವೂ ಲಕ್ಷಗಟ್ಟಲೆ ಕಡೆ ಸಂಪರ್ಕ ಇಟ್ಟುಕೊಂಡಿರುತ್ತದೆ. ಯಾರೂ ಕರೆಯದಿದ್ದರೂ ತನ್ನಷ್ಟಕ್ಕೆ ತಾನೇ ಮಿಡಿಯುತ್ತಿರುತ್ತದೆ, ಪ್ರತಿ ಮಿಡಿತಕ್ಕೂ ಕ್ಯಾಲ್ಸಿಯಂ ಒಳನುಗ್ಗುತ್ತದೆ, ಅದನ್ನು ಹೊರದಬ್ಬಲು ಶಕ್ತಿ ಬೇಕು. ಸಾಲದ್ದಕ್ಕೆ ಡೋಪಮಿನ್ ತಾನೇ ಆಕ್ಸಿಡೀಕರಣಗೊಂಡು ವಿಷವಾಗಬಲ್ಲದು. ಇಷ್ಟು ಖರ್ಚಿನ ಕೋಶಕ್ಕೆ ಶಕ್ತಿಯ ಕೊರತೆಯಾದರೆ ಮೊದಲು ಬೀಳುವುದು ಅದೇ ಎಂಬುದು ಊಹೆ. ಕೈ ನಡುಗುವ ಹೊತ್ತಿಗೆ ಈ ಕೋಶಗಳಲ್ಲಿ ಅರ್ಧದಷ್ಟೋ ಅದಕ್ಕೂ ಹೆಚ್ಚೋ ಹೋಗಿಬಿಟ್ಟಿರುತ್ತವೆ.

ಇಲ್ಲೇ ಮೊದಲ ಗುಂಡಿ ಇದೆ. ಸತ್ತ ರೋಗಿಯ ನೈಗ್ರಾವನ್ನು ಅರೆದು, ಜೀನುಗಳು ಎಷ್ಟು ಕೆಲಸ ಮಾಡುತ್ತಿವೆ ಎಂದು ತೋರಿಸುವ ನಕಲು ಅಣುಗಳಾದ ಆರ್‌ಎನ್‌ಎ ಅಳೆದರೆ ಡೋಪಮಿನ್‌ಗೆ ಸಂಬಂಧಿಸಿದ ಜೀನುಗಳೆಲ್ಲ ಇಳಿದಂತೆ ಕಾಣುತ್ತವೆ. ಅದು ಕಾರಣವೂ ಅಲ್ಲ, ಜೀನುಗಳ ನಿಯಂತ್ರಣ ತಪ್ಪಿದ್ದೂ ಅಲ್ಲ. ಕೋಶಗಳೇ ಇಲ್ಲದ ಮೇಲೆ ಅವುಗಳ ಆರ್‌ಎನ್‌ಎ ಎಲ್ಲಿಂದ ಬರಬೇಕು? ಒಂದೊಂದು ಕೋಶಕೇಂದ್ರವನ್ನೂ ಬಿಡಿಬಿಡಿಯಾಗಿ ಓದಿದಾಗ ಮಾತ್ರ ಉಳಿದ ಕೋಶದೊಳಗೆ ಏನು ಬದಲಾಗಿದೆ ಎಂಬುದು ತಿಳಿಯುತ್ತದೆ. ಸಾವಿಗೂ ಮಿದುಳನ್ನು ಶೈತ್ಯದಲ್ಲಿಟ್ಟದ್ದಕ್ಕೂ ನಡುವೆ ಎಷ್ಟು ಗಂಟೆ ಕಳೆಯಿತು, ಅಂಗಾಂಶದ ಆಮ್ಲೀಯತೆ ಎಷ್ಟಿತ್ತು ಎಂಬುದನ್ನು ಬರೆದಿಡದ ಮಾದರಿಗೆ ಬೆಲೆ ಕಡಿಮೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿರುವ ಮಿದುಳು ಸಂಗ್ರಹದಂಥ ಕಡೆ ಇಂಥ ದಾಖಲೆಯೇ ಅರ್ಧ ಆಸ್ತಿ.

ವಿಷದಿಂದ ಸಿಕ್ಕ ಸುಳಿವು

1982ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಮಾದಕ ವಸ್ತು ಚುಚ್ಚಿಕೊಂಡ ಕೆಲವು ಯುವಕರು ದಿನಗಳೊಳಗೆ ಮರಗಟ್ಟಿದರು. ಕಳ್ಳ ಪ್ರಯೋಗಾಲಯದಲ್ಲಿ ತಯಾರಾದ ಆ ವಸ್ತುವಿನಲ್ಲಿ ಎಂಪಿಟಿಪಿ ಎಂಬ ಅಡ್ಡ ಉತ್ಪನ್ನ ಸೇರಿಕೊಂಡಿತ್ತು. ಇದರ ದಾರಿಯನ್ನು ಹೆಜ್ಜೆ ಹೆಜ್ಜೆಯಾಗಿ ಬಿಡಿಸಿದ್ದು ಈ ಕ್ಷೇತ್ರದ ಅತ್ಯಂತ ಸ್ವಚ್ಛ ಕೆಲಸಗಳಲ್ಲಿ ಒಂದು. ಎಂಪಿಟಿಪಿ ಮಿದುಳನ್ನು ಹೊಕ್ಕು, ಅಲ್ಲಿನ ಪೋಷಕ ಕೋಶಗಳಲ್ಲಿರುವ ಎಂಎಒ-ಬಿ ಕಿಣ್ವದಿಂದ ಎಂಪಿಪಿ ಎಂಬ ಅಯಾನು ಆಗುತ್ತದೆ. ಡೋಪಮಿನ್ ಅನ್ನು ಮರಳಿ ಒಳಗೆಳೆಯುವ ಸಾಗಣೆ ಪ್ರೊಟೀನು ಈ ಅಯಾನನ್ನೂ ಡೋಪಮಿನ್ ಎಂದೇ ತಿಳಿದು ಒಳಗೆ ಬಿಟ್ಟುಕೊಳ್ಳುತ್ತದೆ. ಒಳಗೆ ಹೋದದ್ದು, ಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯಾದಲ್ಲಿನ ಕಾಂಪ್ಲೆಕ್ಸ್-1 ಎಂಬ ಕಿಣ್ವವನ್ನು ಕಟ್ಟಿಹಾಕುತ್ತದೆ, ಕೋಶ ಶಕ್ತಿಯಿಲ್ಲದೆ ಸಾಯುತ್ತದೆ. ಕಿಣ್ವವನ್ನು ತಡೆದರೆ ಪ್ರಾಣಿ ಉಳಿಯುತ್ತದೆ, ಸಾಗಣೆಯನ್ನು ತಡೆದರೂ ಉಳಿಯುತ್ತದೆ. ಸರಪಳಿಯ ಯಾವ ಕೊಂಡಿ ಕಳಚಿದರೂ ಸಾವು ನಿಲ್ಲುತ್ತದೆ ಎಂದು ತೋರಿಸಿದ್ದರಿಂದಲೇ ಇದನ್ನು ಕಾರಣ ಎನ್ನಲು ಸಾಧ್ಯವಾಯಿತು.

ಹಾಗೆಂದು ಎಲ್ಲ ರೋಗಿಗಳದ್ದೂ ಇದೇ ದಾರಿ ಎನ್ನಲಾಗದು. ವಿಷ ಕೆಲವೇ ದಿನಗಳಲ್ಲಿ ಕೊಲ್ಲುತ್ತದೆ, ಕಾಯಿಲೆ ದಶಕಗಳನ್ನು ತೆಗೆದುಕೊಳ್ಳುತ್ತದೆ. ಚಿಟ್ಟಿಲಿಗೆ ತಟ್ಟುವ ಎಂಪಿಟಿಪಿ ದೊಡ್ಡ ಇಲಿಗೆ ಅಷ್ಟಾಗಿ ತಟ್ಟುವುದೇ ಇಲ್ಲ. ಎಂಪಿಟಿಪಿ ಕೊಟ್ಟ ಚಿಟ್ಟಿಲಿಯನ್ನು ಉಳಿಸಿದ ಔಷಧ ಮನುಷ್ಯನಲ್ಲಿ ಸೋತಾಗ ಪತ್ರಿಕೆಗಳು ಅಚ್ಚರಿಪಡುತ್ತವೆ. ಅಚ್ಚರಿಗೆ ಕಾರಣವೇ ಇಲ್ಲ. ಎಷ್ಟೋ ಸಲ ಆ ಔಷಧ ತಡೆದದ್ದು ಎಂಪಿಟಿಪಿ ಒಳಹೋಗುವುದನ್ನು, ಕಾಯಿಲೆಯನ್ನಲ್ಲ.

ಹೆಪ್ಪುಗಟ್ಟುವ ಪ್ರೊಟೀನು

1912ರಲ್ಲಿ ಫ್ರೆಡರಿಕ್ ಲೂಯಿ ರೋಗಿಗಳ ನರಕೋಶಗಳೊಳಗೆ ಗುಂಡನೆಯ ಉಂಡೆಗಳನ್ನು ಕಂಡರು. ಅವು ಯಾವುದರಿಂದ ಆಗಿವೆ ಎಂದು ತಿಳಿಯಲು 85 ವರ್ಷ ಬೇಕಾಯಿತು. 1997ರಲ್ಲಿ ಎರಡು ಸಾಕ್ಷಿಗಳು ಒಟ್ಟಿಗೆ ಬಂದವು. ಇಟಲಿ ಮೂಲದ ಒಂದು ಕುಟುಂಬದಲ್ಲಿ ಕಾಯಿಲೆ ತರುವ ದೋಷ ಆಲ್ಫಾ-ಸೈನ್ಯೂಕ್ಲಿನ್ ಜೀನಿನಲ್ಲಿ ಸಿಕ್ಕಿತು. ಅಂಥ ಯಾವ ದೋಷವೂ ಇಲ್ಲದ ರೋಗಿಗಳ ಉಂಡೆಗಳಲ್ಲೂ ಇದೇ ಪ್ರೊಟೀನು ತುಂಬಿತ್ತು. 2003ರಲ್ಲಿ ಮೂರನೆಯ ಸಾಕ್ಷಿ ಬಂತು. ಒಂದು ಕುಟುಂಬದಲ್ಲಿ ಜೀನು ಸರಿಯಾಗಿಯೇ ಇತ್ತು, ಆದರೆ ಒಂದು ವರ್ಣತಂತುವಿನಲ್ಲಿ ಅದರ ಮೂರು ಪ್ರತಿಗಳಿದ್ದವು. ಒಟ್ಟು ಎರಡಿರಬೇಕಾದಲ್ಲಿ ನಾಲ್ಕು. ಮುಂದೆ ಮೂರು ಪ್ರತಿಗಳಿರುವ ಕುಟುಂಬಗಳೂ ಸಿಕ್ಕವು, ಅವರಲ್ಲಿ ಕಾಯಿಲೆ ತಡವಾಗಿ, ಸೌಮ್ಯವಾಗಿ ಬರುತ್ತಿತ್ತು. ಪ್ರಮಾಣ ಏರಿದಂತೆ ಕಾಯಿಲೆಯೂ ಏರುತ್ತದೆ ಎಂಬ ಈ ಸಾಕ್ಷಿ, ನನ್ನ ಮಟ್ಟಿಗೆ, ಉಳಿದೆರಡಕ್ಕಿಂತ ತೂಕದ್ದು.

ಆಲ್ಫಾ-ಸೈನ್ಯೂಕ್ಲಿನ್ 140 ಅಮೈನೊ ಆಮ್ಲಗಳ ಸಣ್ಣ ಪ್ರೊಟೀನು. ನೀರಿನಲ್ಲಿ ಅದಕ್ಕೆ ನಿಶ್ಚಿತ ಆಕಾರವಿಲ್ಲ. ನಡುವಿನ 61ರಿಂದ 95ರವರೆಗಿನ ಭಾಗ ತನ್ನಂಥದೇ ಇನ್ನೊಂದರ ಜೊತೆ ಹಾಳೆಯ ಹಾಗೆ ಪೇರಿಸಿಕೊಳ್ಳಬಲ್ಲದು, ಹಾಗೆ ಪೇರಿದಾಗ ಉದ್ದನೆಯ ನಾರು ಹುಟ್ಟುತ್ತದೆ. ಒಂದು ಚೂರು ನಾರು ಸಿಕ್ಕರೆ ಸುತ್ತಲಿನ ಸರಿಯಾದ ಪ್ರೊಟೀನೂ ಅದೇ ಅಚ್ಚಿಗೆ ಬರುತ್ತದೆ, ಹಾಲಿಗೆ ಹೆಪ್ಪು ಹಾಕಿದ ಹಾಗೆ. ಇಲ್ಲಿನ ಹೆಪ್ಪಿನಲ್ಲಿ ಜೀವಾಣುವಿಲ್ಲ, ಆಕಾರವೊಂದೇ ಹರಡುತ್ತದೆ.

ಈ ಹೆಪ್ಪನ್ನು ಪ್ರಯೋಗಾಲಯದಲ್ಲಿ ಮಾಡುವ ಬಗೆಯನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಫಲಿತಾಂಶಗಳು ಕೆಡುವುದೆಲ್ಲ ಇಲ್ಲೇ. ಮಾನವ ಜೀನನ್ನು ಇ. ಕೋಲೈ ಬ್ಯಾಕ್ಟೀರಿಯಕ್ಕೆ ಸೇರಿಸಿ ಪ್ರೊಟೀನು ಮಾಡಿಸುತ್ತಾರೆ. ಬ್ಯಾಕ್ಟೀರಿಯವನ್ನು ಒಡೆದು ಆ ರಸವನ್ನು 10–15 ನಿಮಿಷ ಕುದಿಸಿದರೆ ಬೇರೆ ಪ್ರೊಟೀನುಗಳು ಬಹುಪಾಲು ಒಡೆದು ತಳ ಸೇರುತ್ತವೆ. ಮೊದಲೇ ಆಕಾರವಿಲ್ಲದ ಸೈನ್ಯೂಕ್ಲಿನ್‌ಗೆ ಕೆಡಲು ಏನೂ ಇಲ್ಲದ್ದರಿಂದ ಅದು ನೀರಿನಲ್ಲೇ ಉಳಿಯುತ್ತದೆ. ಮುಂದೆ ಎರಡು ಕಾಲಮ್‌ಗಳಲ್ಲಿ ಹಾಯಿಸಿ ಶುದ್ಧ ಮಾಡಿ, ಎಂಡೊಟಾಕ್ಸಿನ್ ತೆಗೆಯಬೇಕು. ಈ ಹಂತ ಬಿಟ್ಟವರ ಫಲಿತಾಂಶವನ್ನು ನಾನು ಓದುವುದಿಲ್ಲ. ಬ್ಯಾಕ್ಟೀರಿಯದ ಗೋಡೆಯ ಆ ಚೂರು ಮಿದುಳಿನ ರಕ್ಷಣಾ ಕೋಶಗಳಾದ ಮೈಕ್ರೋಗ್ಲಿಯಾವನ್ನು ಕೆರಳಿಸಿ, ತಾನೇ ನರಕೋಶಗಳನ್ನು ಕೊಲ್ಲಬಲ್ಲದು. ಆಮೇಲೆ ಸತ್ತದ್ದು ಯಾವುದರಿಂದ ಎಂದು ಯಾರು ಹೇಳಬೇಕು?

ಶುದ್ಧ ಪ್ರೊಟೀನನ್ನು 1,00,000 ಜಿ ವೇಗದಲ್ಲಿ ತಿರುಗಿಸಿ, ಮೊದಲೇ ಆಗಿರುವ ಗಂಟುಗಳನ್ನು ತಳಕ್ಕಿಳಿಸಿ ಬಿಡಬೇಕು. ಮೇಲಿನ ತಿಳಿಯನ್ನು ಒಂದು ಮಿಲಿಲೀಟರಿಗೆ 5 ಮಿಲಿಗ್ರಾಂ ಇರುವಂತೆ ಫಾಸ್ಫೇಟ್ ಬಫರಿನಲ್ಲಿ ಹೊಂದಿಸಿ, 37 ಡಿಗ್ರಿ ಸೆಲ್ಸಿಯಸ್‌ನಲ್ಲಿ, ನಿಮಿಷಕ್ಕೆ 1,000 ಸುತ್ತು ಕುಲುಕುತ್ತ ಏಳು ದಿನ ಇಡಬೇಕು. ದ್ರವ ಮಂಕಾಗುತ್ತದೆ. ಮಂಕಾಯಿತೆಂದು ನಾರಾಯಿತು ಎನ್ನಬಾರದು. ನಾರಿಗೆ ಅಂಟಿದಾಗ ಹೊಳೆಯುವ ಥಯೊಫ್ಲೇವಿನ್-ಟಿ ಬಣ್ಣ ಹಾಕಿ ಹೊಳಪು ಅಳೆಯಬೇಕು, ಮತ್ತೆ ತಿರುಗಿಸಿ ತಳದಲ್ಲೆಷ್ಟು ತಿಳಿಯಲ್ಲೆಷ್ಟು ಎಂದು ನೋಡಬೇಕು, ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲೂ ಕಾಣಬೇಕು. ಉದ್ದ ನಾರನ್ನು ಕೋಶ ನುಂಗಲಾರದು, ಸೋನಿಕೇಟರಿನ ಶಬ್ದದಲೆಗಳಿಂದ ಒಡೆದು 50 ನ್ಯಾನೊಮೀಟರಿನ ಆಸುಪಾಸಿಗೆ ತರಬೇಕು. ಹೊಸಬರು ಹೆಚ್ಚಾಗಿ ಎಡವುವುದು ಇನ್ನೊಂದು ಕಡೆ: ಪ್ರೊಟೀನು ಎಂದ ಕೂಡಲೇ ಐಸಿನ ಮೇಲಿಡುವ ಅಭ್ಯಾಸ. ಈ ನಾರುಗಳು ತಣ್ಣಗಾದರೆ ಬಿಚ್ಚಿಕೊಳ್ಳುತ್ತವೆ. ಮೈನಸ್ 80ರಲ್ಲಿ ದಾಸ್ತಾನು ಮಾಡಬಹುದು, ಹೊರತೆಗೆದ ಮೇಲೆ ಕೋಣೆಯ ಉಷ್ಣತೆಯಲ್ಲೇ ಕೆಲಸ ಮುಗಿಸಬೇಕು. ಮೇಜು, ಪಿಪೆಟ್‌ಗಳನ್ನು ಶೇ. 1ರ ಎಸ್‌ಡಿಎಸ್ ದ್ರಾವಣದಿಂದ ಒರೆಸಬೇಕು, ಬರೀ ಸ್ಪಿರಿಟ್ಟಿನಿಂದ ಹೆಪ್ಪು ಹೋಗದು.

ಈ ಚೂರುಗಳನ್ನು ಮಿಲಿಲೀಟರಿಗೆ ಕೆಲವೇ ಮೈಕ್ರೋಗ್ರಾಂನಂತೆ ಚಿಟ್ಟಿಲಿಯ ನರಕೋಶಗಳಿಗೆ ಹಾಕಿದರೆ, ಹತ್ತರಿಂದ ಹದಿನಾಲ್ಕು ದಿನಗಳಲ್ಲಿ ಕೋಶದ ಸ್ವಂತ ಸೈನ್ಯೂಕ್ಲಿನ್ ಗಂಟುಕಟ್ಟುತ್ತದೆ. 129ನೆಯ ಸೀರಿನ್‌ನಲ್ಲಿ ಫಾಸ್ಫೇಟ್ ಅಂಟಿದ್ದನ್ನು ಗುರುತಿಸುವ ಪ್ರತಿಕಾಯದಿಂದ ಇದನ್ನು ನೋಡುತ್ತಾರೆ. ಇಲ್ಲಿ ನಿರ್ಣಾಯಕವಾದ ಕಂಟ್ರೋಲ್, ಅಂದರೆ ಹೋಲಿಕೆಗಿಡುವ ಮಾದರಿ, ಯಾವುದು? ಸೈನ್ಯೂಕ್ಲಿನ್ ಜೀನನ್ನೇ ತೆಗೆದ ಚಿಟ್ಟಿಲಿಯ ಕೋಶ. ಹೆಪ್ಪು ಎಷ್ಟೇ ಹಾಕಿದರೂ ಅಲ್ಲಿ ಏನೂ ಬೆಳೆಯುವುದಿಲ್ಲ. ಬೆಳೆದಂತೆ ಕಂಡರೆ ಪ್ರತಿಕಾಯ ಬೇರೆ ಯಾವುದನ್ನೋ ಹಿಡಿಯುತ್ತಿದೆ ಎಂದರ್ಥ. ಕೆಲವು ಹೆಸರಾಂತ ಪ್ರತಿಕಾಯಗಳು ನರಕೋಶದ ಚೌಕಟ್ಟಿನ ಪ್ರೊಟೀನಾದ ನ್ಯೂರೊಫಿಲಮೆಂಟನ್ನೂ ಹಿಡಿಯುತ್ತವೆ. ಪ್ರೊಟೀನುಗಳನ್ನು ಪೊರೆಯೊಂದರ ಮೇಲೆ ಇಳಿಸಿ ಪ್ರತಿಕಾಯದಿಂದ ಗುರುತಿಸುವ ವೆಸ್ಟರ್ನ್ ಬ್ಲಾಟ್‌ನಲ್ಲೂ ಒಂದು ಮೋಸವಿದೆ. ಈ ಸಣ್ಣ ಪ್ರೊಟೀನು ತೊಳೆಯುವಾಗ ಪೊರೆಯಿಂದ ಕಳಚಿಹೋಗುತ್ತದೆ. ಪೊರೆಯನ್ನು ಶೇ. 0.4ರ ಪ್ಯಾರಾಫಾರ್ಮಾಲ್ಡಿಹೈಡ್‌ನಲ್ಲಿ ಅರ್ಧ ಗಂಟೆ ನೆನೆಸಿದರೆ ನಿಲ್ಲುತ್ತದೆ. ಇದು ಗೊತ್ತಿಲ್ಲದೆ ‘ಈ ಕೋಶದಲ್ಲಿ ಸೈನ್ಯೂಕ್ಲಿನ್ ಇಲ್ಲ’ ಎಂದು ಬರೆದುಬಿಡುವುದು ಬಹಳ ಸುಲಭ.

ಹೆಪ್ಪು ಮೊದಲು ಹುಟ್ಟುವುದಾದರೂ ಹೇಗೆ ಎಂಬುದಕ್ಕೆ ನಮ್ಮ ಪವೈಯಿಂದಲೇ ಒಂದು ಉತ್ತರ ಬಂದಿದೆ. ಐಐಟಿ ಬಾಂಬೆಯ ಸಮೀರ್ ಮಾಜಿ ಅವರ ತಂಡ 2020ರಲ್ಲಿ ನೇಚರ್ ಕೆಮಿಸ್ಟ್ರಿಯಲ್ಲಿ, ಸೈನ್ಯೂಕ್ಲಿನ್ ನಾರಾಗುವ ಮೊದಲು ದ್ರವರೂಪದ ಹನಿಗಳಾಗಿ ಬೇರ್ಪಡುತ್ತದೆ, ಹನಿಗಳು ಕ್ರಮೇಣ ಗಟ್ಟಿಯಾಗಿ ಅವುಗಳೊಳಗೆ ನಾರು ಹುಟ್ಟುತ್ತದೆ ಎಂದು ತೋರಿಸಿತು. ಹನಿಯ ಒಂದು ಚುಕ್ಕೆಯ ಹೊಳಪನ್ನು ಲೇಸರಿನಿಂದ ಅಳಿಸಿ, ಸುತ್ತಲಿನಿಂದ ಹೊಳಪು ಮರಳಿ ಹರಿದುಬರುತ್ತದೆಯೇ ಎಂದು ನೋಡುವುದು ಇಲ್ಲಿನ ಪರೀಕ್ಷೆ. ಬಂದರೆ ದ್ರವ, ಬಾರದಿದ್ದರೆ ಗಟ್ಟಿ.

ಈಗ ಒಂದು ಕಹಿ ಮಾತು. 2022ರಲ್ಲಿ ರೋಗಿಗಳ ಮಿದುಳಿನಿಂದಲೇ ತೆಗೆದ ನಾರುಗಳ ರಚನೆ ಕ್ರಯೊ-ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಕಂಡಿತು. ಅದರ ಮಡಿಕೆ ಪ್ರಯೋಗಾಲಯದ ನಾರಿನ ಮಡಿಕೆಯಂತಿಲ್ಲ. ಅಂದರೆ ಇಷ್ಟು ವರ್ಷ ಇಲಿಗಳಿಗೆ ಚುಚ್ಚಿದ ಹೆಪ್ಪು ಮನುಷ್ಯನ ಹೆಪ್ಪಿನ ನೆಂಟ ಮಾತ್ರ.

ಯಾವುದು ಮೊದಲು, ಯಾವುದು ಆಮೇಲೆ

ಕೊಲಾಬಾದ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಾದ ಟಿಐಎಫ್‌ಆರ್‌ನಲ್ಲಿ ಒಬೈದ್ ಸಿದ್ದಿಕಿ 1962ರಲ್ಲಿ ಅಣುಜೀವಶಾಸ್ತ್ರ ವಿಭಾಗ ಕಟ್ಟಿದರು. ಅವರು ಅಮೆರಿಕದ ತಳಿವಿಜ್ಞಾನಿ ಸೀಮರ್ ಬೆಂಜರ್ ಜೊತೆ 1976ರಲ್ಲಿ ಪ್ರಕಟಿಸಿದ ಕೆಲಸ ಹಣ್ಣಿನ ನೊಣಗಳದು: ಬಿಸಿ ಏರಿದರೆ ಲಕ್ವ ಹೊಡೆದಂತೆ ಬೀಳುವ, ತಂಪಾದರೆ ಏಳುವ ನೊಣಗಳು. ಬಾಳೆಹಣ್ಣಿನ ಸಿಪ್ಪೆಯ ಸುತ್ತ ಹಾರುವ ಈ ನೊಣ ನರರೋಗ ಸಂಶೋಧನೆಗೆ ಏಕೆ ಬೇಕು ಎಂದು ಕೇಳುವವರಿಗೆ ಪಿಂಕ್-1 ಮತ್ತು ಪಾರ್ಕಿನ್ ಜೀನುಗಳೇ ಉತ್ತರ.

ಮನುಷ್ಯರಲ್ಲಿ ಇವೆರಡರಲ್ಲಿ ಯಾವುದು ಕೆಟ್ಟರೂ ಚಿಕ್ಕ ವಯಸ್ಸಿಗೇ ಪಾರ್ಕಿನ್ಸನ್ ಬರುತ್ತದೆ. ನೊಣದಲ್ಲಿ ಯಾವುದನ್ನು ಕೆಡಿಸಿದರೂ ಫಲ ಒಂದೇ: ಮೈಟೊಕಾಂಡ್ರಿಯಾ ಊದಿಕೊಂಡು ರೆಕ್ಕೆಯ ಸ್ನಾಯು ಸಾಯುತ್ತದೆ. 2006ರಲ್ಲಿ ಕೆಲವು ತಂಡಗಳು ಪಿಂಕ್-1 ಇಲ್ಲದ ನೊಣಕ್ಕೆ ಹೆಚ್ಚುವರಿ ಪಾರ್ಕಿನ್ ಕೊಟ್ಟವು, ನೊಣ ಸುಧಾರಿಸಿತು. ಪಾರ್ಕಿನ್ ಇಲ್ಲದ ನೊಣಕ್ಕೆ ಎಷ್ಟು ಪಿಂಕ್-1 ಕೊಟ್ಟರೂ ಸುಧಾರಿಸಲಿಲ್ಲ. ಅಲ್ಲಿಗೆ ಪಿಂಕ್-1 ಮೇಲೆ, ಪಾರ್ಕಿನ್ ಕೆಳಗೆ ಎಂಬ ಕ್ರಮ ಖಚಿತವಾಯಿತು. ಕೆಟ್ಟ ಮೈಟೊಕಾಂಡ್ರಿಯಾದ ಹೊರಪೊರೆಯ ಮೇಲೆ ಪಿಂಕ್-1 ಸಿಕ್ಕಿಕೊಂಡು ನಿಲ್ಲುತ್ತದೆ, ಪಾರ್ಕಿನ್‌ನನ್ನು ಕರೆಯುತ್ತದೆ, ಪಾರ್ಕಿನ್ ಅದಕ್ಕೆ ಯೂಬಿಕ್ವಿಟಿನ್ ಗುರುತು ಹಾಕಿ ವಿಲೇವಾರಿಗೆ ಕಳಿಸುತ್ತದೆ. ಈ ಚಿತ್ರದ ಬಹುಭಾಗ ಪ್ರಯೋಗಾಲಯದಲ್ಲಿ ಬೆಳೆಸುವ ಹೀಲಾ ಎಂಬ ಕ್ಯಾನ್ಸರ್ ಕೋಶಗಳಿಂದ ಬಂದದ್ದು. ಅವುಗಳಲ್ಲಿ ಸ್ವಂತ ಪಾರ್ಕಿನ್ ಇಲ್ಲವೆಂಬಷ್ಟು ಕಡಿಮೆ, ಹೊರಗಿನಿಂದ ತುಂಬುತ್ತಾರೆ, ಆಮೇಲೆ ಸಿಸಿಸಿಪಿ ಎಂಬ ರಾಸಾಯನಿಕದಿಂದ ಎಲ್ಲ ಮೈಟೊಕಾಂಡ್ರಿಯಾವನ್ನೂ ಒಮ್ಮೆಗೇ ಕೆಡಿಸುತ್ತಾರೆ. ನಿಜವಾದ ನರಕೋಶದಲ್ಲಿ ಇದೆಲ್ಲ ಬಹಳ ನಿಧಾನ, ಬಹಳ ಕಡಿಮೆ.

ನೊಣದ ಹತ್ತುವ ಪರೀಕ್ಷೆ ಸರಳ. ಸುಮಾರು ಇಪ್ಪತ್ತು ನೊಣಗಳನ್ನು ಗಾಜಿನ ನಳಿಕೆಗೆ ಹಾಕಿ, ತಟ್ಟಿ ತಳಕ್ಕಿಳಿಸಿ, 10 ಸೆಕೆಂಡಿನಲ್ಲಿ 8 ಸೆಂಟಿಮೀಟರ್ ಗೆರೆ ದಾಟಿದ್ದೆಷ್ಟು ಎಂದು ಎಣಿಸುವುದು. ಸರಳವಾದ್ದರಿಂದಲೇ ಕೆಡುವುದೂ ಸುಲಭ. ಇಂಗಾಲದ ಡೈಆಕ್ಸೈಡಿನಿಂದ ಮೂರ್ಛೆ ಬರಿಸಿ ಬೇರ್ಪಡಿಸಿದ ನೊಣಕ್ಕೆ ಒಂದು ದಿನವಾದರೂ ಚೇತರಿಕೆ ಬೇಕು. ಗಂಡು ಹೆಣ್ಣು ಬೆರೆಯಬಾರದು. ಮಾನವ ಜೀನನ್ನು ಚಾಲೂ ಮಾಡುವ ಗಾಲ್-4 ವ್ಯವಸ್ಥೆ 29 ಡಿಗ್ರಿಯಲ್ಲಿ 25 ಡಿಗ್ರಿಗಿಂತ ಜೋರಾಗಿ ಕೆಲಸ ಮಾಡುತ್ತದೆ. ಆದ್ದರಿಂದ ಮುಂಬೈಯ ಮೇ ತಿಂಗಳಲ್ಲಿ ಇನ್‌ಕ್ಯುಬೇಟರ್ ಕೈಕೊಟ್ಟರೆ ಆ ವಾರದ ಎಣಿಕೆಯನ್ನು ಬಿಸಾಡುವುದೇ ಸರಿ. ಎಣಿಸುವವರಿಗೆ ಯಾವ ನಳಿಕೆ ಯಾವುದೆಂದು ಗೊತ್ತಿರಬಾರದು.

ಮನುಷ್ಯನ ಕೋಶವೇ ಬೇಕೆಂದಾಗ

ರೋಗಿಯ ಚರ್ಮ ಅಥವಾ ರಕ್ತದ ಕೋಶವನ್ನು ಕಾಂಡಕೋಶವಾಗಿ ಹಿಂದಕ್ಕೆ ತಿರುಗಿಸಿ, ಅದರಿಂದ ಡೋಪಮಿನ್ ನರಕೋಶ ಬೆಳೆಸಬಹುದು. 2007ರಿಂದ ಮಾನವ ಕೋಶದಲ್ಲೂ ಇದು ಸಾಧ್ಯವಾಗಿದೆ. ಎರಡು ಸಂಕೇತಗಳನ್ನು ತಡೆದು ಕೋಶವನ್ನು ನರದ ದಾರಿಗೆ ತರುವುದು, ಅನಂತರ ಸಿಎಚ್‌ಐಆರ್ ಎಂಬ ರಾಸಾಯನಿಕದಿಂದ ಮಿದುಳಿನ ಯಾವ ಭಾಗ ಎಂದು ನಿಗದಿ ಮಾಡುವುದು. ಇದರ ಪ್ರಮಾಣ ತುಸು ಕಡಿಮೆಯಾದರೆ ಮುಂಮಿದುಳು, ತುಸು ಹೆಚ್ಚಾದರೆ ಹಿಂಮಿದುಳು. ಹೊಸ ಬ್ಯಾಚು ಬಂದಾಗಲೆಲ್ಲ ಪ್ರಮಾಣವನ್ನು ಮತ್ತೆ ಹೊಂದಿಸಬೇಕು. ಕೋಶಗಳು ಪಕ್ವವಾಗಲು ಐವತ್ತು ಅರವತ್ತು ದಿನ. ಹೋಲಿಕೆಗೆ ಇನ್ನೊಬ್ಬ ಆರೋಗ್ಯವಂತರ ಕೋಶ ಸಾಲದು. ಇಬ್ಬರ ನಡುವೆ ಲಕ್ಷಗಟ್ಟಲೆ ವ್ಯತ್ಯಾಸಗಳಿರುತ್ತವೆ. ಅದೇ ರೋಗಿಯ ಕೋಶದಲ್ಲಿ ಕ್ರಿಸ್ಪರ್‌ನಿಂದ ಆ ಒಂದು ದೋಷವನ್ನಷ್ಟೇ ತಿದ್ದಿ ಜೊತೆಗಿಡಬೇಕು. ಇಷ್ಟಾದರೂ ಒಂದು ಕೊರತೆ ಉಳಿಯುತ್ತದೆ: ಎಪ್ಪತ್ತು ವರ್ಷದವರ ಚರ್ಮದಿಂದ ಬಂದ ನರಕೋಶ ವಯಸ್ಸಿನಲ್ಲಿ ಭ್ರೂಣದ್ದು. ಮುಪ್ಪಿನ ಕಾಯಿಲೆಯನ್ನು ಎಳೆಯ ಕೋಶದಲ್ಲಿ ಹುಡುಕುತ್ತಿದ್ದೇವೆ.

ಹಾಗಾದರೆ ಸೈನ್ಯೂಕ್ಲಿನ್ ಕೊಲೆಗಾರನೇ? 2022ರಲ್ಲಿ ಅದನ್ನು ಹಿಡಿಯುವ ಎರಡು ಪ್ರತಿಕಾಯ ಔಷಧಗಳ ಪ್ರಯೋಗಗಳು ಮುಖ್ಯ ಗುರಿ ಮುಟ್ಟಲಿಲ್ಲ. ಎಲ್‌ಆರ್‌ಆರ್‌ಕೆ-2 ಜೀನಿನ ದೋಷದಿಂದ ಪಾರ್ಕಿನ್ಸನ್ ಬಂದ ಕೆಲವರ ಮಿದುಳಿನಲ್ಲಿ ಲೂಯಿ ಉಂಡೆಗಳೇ ಇರುವುದಿಲ್ಲ. ಪ್ರತಿಕಾಯ ಕೋಶದ ಹೊರಗಿನದನ್ನು ಹಿಡಿಯುತ್ತದೆ, ಗಂಟು ಒಳಗಿದೆ. ಚಿಕಿತ್ಸೆ ತಡವಾಗಿ ಶುರುವಾಯಿತು ಎಂಬ ಸಮಜಾಯಿಷಿಗಳಿವೆ, ಅವು ನಿಜವೂ ಇರಬಹುದು. ನನ್ನ ಅಭಿಪ್ರಾಯ ಇಷ್ಟು: ಮೈಟೊಕಾಂಡ್ರಿಯಾ ಕೆಡುವುದು, ಕೋಶದ ಕಸ ಕರಗಿಸುವ ಲೈಸೊಸೋಮಿನ ವಿಲೇವಾರಿ ಕೆಡುವುದು, ಸೈನ್ಯೂಕ್ಲಿನ್ ಗಂಟಾಗುವುದು, ಇವು ಒಂದನ್ನೊಂದು ಕೆಡಿಸುವ ಮೂರು ಬಾಗಿಲುಗಳು. ಯಾವ ರೋಗಿ ಯಾವ ಬಾಗಿಲಿನಿಂದ ಹೊಕ್ಕ ಎಂದು ನೋಡದೆ ಎಲ್ಲರಿಗೂ ಒಂದೇ ಔಷಧ ಕೊಟ್ಟು ಸರಾಸರಿ ತೆಗೆದರೆ ಸೋಲುವ ಸಂಭವವೇ ಹೆಚ್ಚು.

ಸಭೆಯ ಪ್ರಶ್ನೆಗಳು

*ಕಾಯಿಲೆಯನ್ನು ಮೊದಲೇ ಹಿಡಿಯುವ ಪರೀಕ್ಷೆ ಇದೆಯೇ?*

ಹೆಪ್ಪಿನ ಗುಣವನ್ನೇ ಬಳಸುವ ಒಂದು ಪರೀಕ್ಷೆ ಇದೆ. ಬೆನ್ನುಹುರಿಯ ಸುತ್ತಲಿನ ದ್ರವವನ್ನು ಶುದ್ಧ ಸೈನ್ಯೂಕ್ಲಿನ್‌ಗೆ ಸೇರಿಸಿ ಕುಲುಕುತ್ತ ಇಟ್ಟು, ಥಯೊಫ್ಲೇವಿನ್ ಹೊಳಪು ಏರುತ್ತದೆಯೇ ಎಂದು ಕಾಯುವುದು. 2023ರಲ್ಲಿ ಪ್ರಕಟವಾದ ಸಾವಿರಕ್ಕೂ ಹೆಚ್ಚು ಜನರ ಅಧ್ಯಯನದಲ್ಲಿ ಇದು ರೋಗಿಗಳಲ್ಲಿ ಶೇ. 88ರಷ್ಟು ಜನರನ್ನು ಗುರುತಿಸಿತು. ಎಲ್‌ಆರ್‌ಆರ್‌ಕೆ-2 ದೋಷದ ರೋಗಿಗಳಲ್ಲಿ ಸುಮಾರು ಶೇ. 67 ಮಾತ್ರ. ಕಾಯಿಲೆ ಎಷ್ಟು ಮುಂದುವರಿದಿದೆ ಎಂಬುದನ್ನು ಇದು ಹೇಳದು. ದ್ರವ ತೆಗೆಯುವಾಗ ರಕ್ತ ಬೆರೆತರೆ ಸೈನ್ಯೂಕ್ಲಿನ್‌ನ ಪ್ರಮಾಣ ಅಳೆಯುವ ಪರೀಕ್ಷೆಗಳೂ ಕೆಡುತ್ತವೆ, ಏಕೆಂದರೆ ರಕ್ತದಲ್ಲಿರುವ ಸೈನ್ಯೂಕ್ಲಿನ್ ಹೆಚ್ಚುಕಡಿಮೆ ಎಲ್ಲವೂ ಕೆಂಪು ಕಣಗಳೊಳಗಿದೆ. ಲಕ್ಷಣವಿಲ್ಲದವರು ಕುತೂಹಲಕ್ಕೆ ಮಾಡಿಸಿಕೊಳ್ಳುವ ಪರೀಕ್ಷೆ ಅಲ್ಲ ಇದು. ಬಂದ ಫಲಿತಾಂಶದಿಂದ ಇಂದು ಮಾಡಬಹುದಾದ ಚಿಕಿತ್ಸೆಯೇನೂ ಬದಲಾಗುವುದಿಲ್ಲ.

*ಊರಿನಲ್ಲಿ ನಸುಗುನ್ನಿ ಬೀಜದ ಪುಡಿ ಕೊಡುತ್ತಾರೆ, ತೆಗೆದುಕೊಳ್ಳಬಹುದೇ?*

ನಸುಗುನ್ನಿ ಬೀಜದಲ್ಲಿ ನಿಜವಾಗಿಯೂ ಲೆವೊಡೋಪಾ ಇದೆ, ಆದ್ದರಿಂದ ಅದು ಕೆಲಸವೂ ಮಾಡುತ್ತದೆ. ತೊಂದರೆ ಇರುವುದೂ ಅಲ್ಲೇ. ಬೀಜದಿಂದ ಬೀಜಕ್ಕೆ ಪ್ರಮಾಣ ಬೇರೆ. ಲೆವೊಡೋಪಾ ದಾರಿಯಲ್ಲೇ ಬದಲಾಗದಂತೆ ತಡೆಯಲು ಮಾತ್ರೆಯಲ್ಲಿ ಜೊತೆಗಿರುವ ಕಾರ್ಬಿಡೋಪಾ ಈ ಪುಡಿಯಲ್ಲಿಲ್ಲ, ಹಾಗಾಗಿ ಮಿದುಳು ಸೇರುವ ಮೊದಲೇ ಬಹುಪಾಲು ದೇಹದಲ್ಲಿ ಡೋಪಮಿನ್ ಆಗಿ ವಾಂತಿ, ತಲೆಸುತ್ತು ತರಬಹುದು. ಮಾತ್ರೆಯ ಮೇಲೆ ಪುಡಿಯನ್ನೂ ತೆಗೆದುಕೊಂಡರೆ ಕೈಕಾಲು ತಾನಾಗಿ ಕುಣಿಯತೊಡಗಬಹುದು. ನರರೋಗ ವೈದ್ಯರಿಗೆ ಹೇಳದೆ ಶುರು ಮಾಡಬೇಡಿ, ನಡೆಯುತ್ತಿರುವ ಮಾತ್ರೆಯನ್ನು ತಟ್ಟನೆ ನಿಲ್ಲಿಸಲೂ ಬೇಡಿ. ಇನ್ನೊಂದು ಸಂಗತಿ: ಕರುಳಿನಲ್ಲೂ ಮಿದುಳಿನ ರಕ್ತನಾಳದ ಗೋಡೆಯಲ್ಲೂ ಲೆವೊಡೋಪಾವನ್ನು ದಾಟಿಸುವುದು ಆಹಾರದ ಪ್ರೊಟೀನಿನಿಂದ ಬರುವ ಅಮೈನೊ ಆಮ್ಲಗಳನ್ನು ದಾಟಿಸುವ ಅದೇ ಸಾಗಣೆ. ಮೀನಿನ ಊಟದ ಜೊತೆಗೋ ಬೇಳೆ ದಟ್ಟವಾಗಿರುವ ಸಾಂಬಾರಿನ ಜೊತೆಗೋ ಮಾತ್ರೆ ನುಂಗಿದರೆ ‘ಇವತ್ತು ಮಾತ್ರೆ ಹತ್ತಲೇ ಇಲ್ಲ’ ಅನಿಸುವುದು ಅದಕ್ಕೇ. ಊಟಕ್ಕೆ ಅರ್ಧ ಗಂಟೆ ಮೊದಲು, ಇಲ್ಲವೇ ಊಟವಾಗಿ ಒಂದು ಗಂಟೆಯ ಮೇಲೆ ತೆಗೆದುಕೊಳ್ಳಬಹುದೇ ಎಂದು ನಿಮ್ಮ ವೈದ್ಯರನ್ನು ಕೇಳಿ. ಹೊಟ್ಟೆ ತೊಳಸಿದರೆ ಒಂದೆರಡು ಬಿಸ್ಕತ್ತಿನ ಜೊತೆ ನುಂಗಬಹುದು, ಹಾಲಿನ ಜೊತೆ ಬೇಡ.